ಇನ್ನೂರ ಹನ್ನೆರಡನೇ ಪುಟ

ಬೆಳಗ್ಗೆ ಹತ್ತೂವರೆಗೆ ಅಕ್ಕನ ಮಗಳು ಬೈಂಡಿಂಗ್ ಕೋಣೆಯ ಬಾಗಿಲಿಗೆ ಬಂದು ನಿಂತಾಗ ಬೈಂಡರಣ್ಣ ನಂಬರಿಂಗ್ ಮಷೀನು ಹಿಡಿದು ಪುಟಗಳಿಗೆ ಸಂಖ್ಯೆ ಒತ್ತುತ್ತಿದ್ದ. ತೆಳುವಾದ ಎರಡು ವರದಿಗಳನ್ನು ಒಂದೇ ರಟ್ಟಿನೊಳಗೆ ಹೊಲಿಯಬೇಕಾದಾಗ, ಮೊದಲನೆಯದು ಎಲ್ಲಿ ಮುಗಿಯಿತೋ ಅಲ್ಲಿಂದ ಸಂಖ್ಯೆ ಮುಂದುವರಿಸಿ ಎರಡನೆಯದರ ಪುಟಗಳ ಬುಡದಲ್ಲಿ ಒತ್ತುವುದು ಅವನ ಪದ್ಧತಿ. ಹೊಲಿಯುವಾಗ ಹಾಳೆ ಹಿಂದುಮುಂದಾಗಬಾರದೆಂದು ಅವನೇ ಮಾಡಿಕೊಂಡ ಉಪಾಯ ಅದು. ಇಡೀ ವಿಶ್ವವಿದ್ಯಾಲಯದಲ್ಲಿ ಅದನ್ನು ಮಾಡೆಂದು ಕೇಳಿದವರೂ ಇರಲಿಲ್ಲ, ಮಾಡಿದ್ದಕ್ಕೆ ಹೊಗಳಿದವರೂ ಇರಲಿಲ್ಲ. ಒತ್ತುವಾಗ ಯಾರಾದರೂ ಮಾತಾಡಿಸಿದರೆ ಹಾಳೆ ತಪ್ಪುತ್ತದೆಂದು ಸಿಡುಕುವ ಮನುಷ್ಯ, ಅವಳ ಮುಖ ನೋಡಿ ಮಷೀನು ಕೆಳಗಿಟ್ಟ.

"ಮಾಮ, ನಾಳೆ ಮೂರು ಗಂಟೆಗೆ ವಿಚಾರಣೆ," ಎಂದು ಅವಳು ಒಂದು ಪತ್ರ ಚಾಚಿದಳು. "ನನ್ನ ಎಂ.ಎ. ನೋಂದಣಿ ರದ್ದು ಮಾಡ್ತಾರಂತೆ."

"ಅಂಥದ್ದೇನು ಮಾಡ್ದೆ?"

"ಸುಳ್ಳು ಬರೆದೆನಂತೆ. ಟೈಪ್ ಮಾಡಿದ್ದು ನಾನೇ ಮಾಮ. ಬರೆದಿದ್ದು ನಾನಲ್ಲ."

ಪತ್ರದ ಕೆಳಗಿನ ರುಜು ಕಂಡು ಬೈಂಡರಣ್ಣನಿಗೆ ಅರ್ಧ ದಿಗಿಲು, ಅರ್ಧ ಸಮಾಧಾನ. ಅದು ಸಾರ್ವಜನಿಕ ನೀತಿ ವಿಭಾಗದ ಮೇಷ್ಟ್ರ ರುಜು. ಮೇಷ್ಟ್ರು ಅವನ ಬಾಲ್ಯದ ಗೆಳೆಯರು. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರಲ್ಲಿ ಒಬ್ಬರು ಪುಸ್ತಕ ಬರೆಯುವವರಾದರು, ಇನ್ನೊಬ್ಬ ಪುಸ್ತಕ ಹೊಲಿಯುವವನಾದ. ದಿನಾ ನಾಲ್ಕು ಗಂಟೆಗೆ ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಫಿ ಕುಡಿಯುತ್ತಿದ್ದರು. ಮೇಷ್ಟ್ರು ಈಗ ಸಣ್ಣ ಶಾಲೆಗಳ ವಿಲೀನದ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿಯ ಸದಸ್ಯರೂ ಆಗಿದ್ದರು. ಆದರೂ ಹತ್ತು ಜನರ ಮುಂದೆ ಬೈಂಡರನನ್ನು "ಏನೋ" ಎಂದೇ ಕರೆಯುತ್ತಿದ್ದರು, ಮತ್ತು ಅವನು ಅದನ್ನು ಪದಕದಂತೆ ಎದೆ ಮೇಲೆ ಧರಿಸಿ ಓಡಾಡುತ್ತಿದ್ದ. ಹನ್ನೆರಡನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಒಂದು ಟ್ರಂಕಿನೊಂದಿಗೆ ತನ್ನ ಮನೆಗೆ ಬಂದಿದ್ದ ಈ ಹುಡುಗಿಯನ್ನು ಆ ವಿಭಾಗಕ್ಕೆ ಸೇರಿಸಿದ್ದೂ ಅವರ ಮಾತಿನ ಮೇಲೆಯೇ. "ನಿನ್ನ ಹುಡುಗಿ ನನ್ನ ಹುಡುಗಿ ಕಣೋ, ಬಿಟ್ಟು ಹೋಗು," ಎಂದಿದ್ದರು ಮೇಷ್ಟ್ರು.

"ಅವನು ಹೀಗೆ ಬರೆದಿದ್ದಾನೆ ಅಂದ್ರೆ ಅವನ ಕೈ ಕಟ್ಟಿಹಾಕಿರಬೇಕು," ಎಂದ ಬೈಂಡರಣ್ಣ. "ನಡಿ, ಮೇಡಂ ಹತ್ರ ಹೋಗೋಣ."

ಮೇಡಂ ಎಂದರೆ ಗ್ರಂಥಾಲಯದ ಪರಾಮರ್ಶನ ವಿಭಾಗದ ಮುಖ್ಯಸ್ಥೆ. ವಿದ್ಯಾರ್ಥಿಗಳ ಬಾಯಲ್ಲಿ ಅಡಿಟಿಪ್ಪಣಿ ಮೇಡಂ. ಯಾವ ಪುಸ್ತಕ ಕೈಗೆ ಕೊಟ್ಟರೂ ಅವರ ಕಣ್ಣು ಮೊದಲು ಪುಟದ ಬುಡಕ್ಕೆ ಹೋಗಿ, ಅಲ್ಲಿನ ಟಿಪ್ಪಣಿಗಳನ್ನೆಲ್ಲ ಓದಿ ಮುಗಿಸಿ, ಮನಸ್ಸಿದ್ದರೆ ಮೇಲಕ್ಕೆ ಹತ್ತುತ್ತಿತ್ತು. ಈ ಚಾಳಿಯಿಂದಲೇ ಅವರು ಕಾಣೆಯಾಗಿದ್ದ ನಕಾಶೆಯನ್ನು ಪತ್ತೆ ಮಾಡಿದ್ದರು, ಒಂದೇ ಪ್ರಬಂಧಕ್ಕೆ ಎರಡು ಕಡೆ ಪದವಿ ಪಡೆದಿದ್ದ ಒಬ್ಬ ಪಂಡಿತರನ್ನು ಹಿಡಿದುಹಾಕಿದ್ದರು. ಪ್ರತಿ ಸಲವೂ ಪುಸ್ತಕಗಳ ಹೊರೆ ಹೊತ್ತುಕೊಂಡು ಅವರ ಹಿಂದೆ ಅಲೆದವನು ಬೈಂಡರಣ್ಣ. ಹಾಗಾಗಿ ಆ ಕೀರ್ತಿಯಲ್ಲಿ ತನಗೂ ಒಂದಿಷ್ಟು ಸಲ್ಲಬೇಕೆಂದು ಅವನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ.

ಮೇಡಂ ಕನ್ನಡಕ ಒರೆಸಿಕೊಂಡು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡರು. ಅವಳು ಹೇಳಿದ್ದು ಇಷ್ಟು. ಈ ಸಲ ಮೇಷ್ಟ್ರು ಪ್ರಬಂಧ ಬರೆಸುವ ಬದಲು ಐದು ಜನ ವಿದ್ಯಾರ್ಥಿಗಳಿಗೆ ಬೇರೆಯೇ ಕೆಲಸ ಕೊಟ್ಟಿದ್ದರು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶವಿದೆಯಲ್ಲ, ಅದರಲ್ಲಿ ಸಣ್ಣ ಶಾಲೆಗಳ ವಿಲೀನ ನೀತಿಯ ಬಗ್ಗೆ ಇದ್ದ ಬಡಕಲು ಲೇಖನವನ್ನು ಬೆಳೆಸಿ, ಪ್ರತಿ ಮಾತಿಗೂ ಆಧಾರ ಕೊಟ್ಟು, ಓದುವ ಹಾಗೆ ಮಾಡಬೇಕು. ಪರದೆ ನೋಡಿ ತಿದ್ದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲವೆಂದು ಮೇಷ್ಟ್ರ ನಂಬಿಕೆ. ಆದ್ದರಿಂದ ಎಲ್ಲರೂ ಮೊದಲು ಕಾಗದದ ಮೇಲೆ ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ತಿದ್ದಬೇಕು, ಕೊನೆಗೆ ಕಟ್ಟು ಮೇಷ್ಟ್ರ ಮೇಜಿಗೆ ಹೋಗಬೇಕು. ಅಲ್ಲಿಂದ ಬಂದದ್ದನ್ನು ಬೆರಳು ಚುರುಕಿರುವ ಒಬ್ಬರು ಒಂದೇ ಖಾತೆಯಿಂದ ಟೈಪ್ ಮಾಡಿ ಪ್ರಕಟಿಸಬೇಕು. ಆ ಬೆರಳುಗಳು ಇವಳವು, ಖಾತೆಯೂ ಇವಳದು.

ಲೇಖನ ಪ್ರಕಟವಾಗಿ ಎರಡು ವಾರಕ್ಕೆ ಒಂದು ದೊಡ್ಡ ಪತ್ರಿಕೆ ಅದರಿಂದ ಒಂದು ವಾಕ್ಯ ಎತ್ತಿಕೊಂಡು ಸಂಪಾದಕೀಯ ಬರೆಯಿತು. 'ಎಪ್ಪತ್ತು ಊರುಗಳಲ್ಲಿ ಶಾಲೆ ವಿಲೀನವಾದ ಮೇಲೆ ಒಂದು ಮಗುವೂ ಓದು ಬಿಟ್ಟಿಲ್ಲ' ಎಂಬುದು ಆ ವಾಕ್ಯ. ಅದಕ್ಕೆ ಕೊಟ್ಟ ಆಧಾರ: ಶಾಲಾ ಸಮೀಕ್ಷಾ ವರದಿ, ಪುಟ 212. ಮತ್ತೆ ನಾಲ್ಕು ದಿನಕ್ಕೆ, ಆ ವಿಶ್ವಕೋಶವನ್ನು ಕಾಯುವ ಸ್ವಯಂಸೇವಕರಲ್ಲಿ ಯಾರೋ ಒಬ್ಬರು ಲೇಖನದ ಚರ್ಚಾಪುಟದಲ್ಲಿ ಕೇಳಿದರು: 'ನೀವು ಹೇಳುವ ವರದಿ 148ನೇ ಪುಟಕ್ಕೇ ಮುಗಿಯುತ್ತದೆ. 212ನೇ ಪುಟ ಎಲ್ಲಿಂದ ಬಂತು?' ಪತ್ರಿಕೆ ಕ್ಷಮೆ ಕೇಳಿತು. ವಿಶ್ವವಿದ್ಯಾಲಯದ ಮಾನ ಬೀದಿಗೆ ಬಂತು. ಖಾತೆ ಯಾರದೋ ಹೊಣೆ ಅವರದೇ ಎಂದು ಮೇಷ್ಟ್ರು ಕುಲಸಚಿವರಿಗೆ ಬರೆದುಕೊಟ್ಟು ಕೈ ತೊಳೆದುಕೊಂಡರು. ಅದಾಗಿ ಹನ್ನೊಂದು ದಿನವಾಗಿತ್ತು.

"ಆ ವಾಕ್ಯ ಕಾಗದದ ಮೇಲೆ ಹೇಗಿತ್ತು?" ಎಂದು ಮೇಡಂ ಕೇಳಿದರು.

"ಒಂದು ಚೀಟಿ ಮೇಡಂ. ಪ್ರಿಂಟ್ ತೆಗೆದು ಕತ್ತರಿಸಿ ಹಾಳೆಗೆ ಅಂಟಿಸಿದ್ರು. ಅದರ ಕೆಳಗೆ ನಮ್ಮ ಹಳೇ ವಾಕ್ಯ ಮುಚ್ಚಿಹೋಗಿತ್ತು. ವಿಲೀನವಾದ ಮೇಲೆ ಆರರಲ್ಲಿ ಒಬ್ಬ ಹುಡುಗಿ ಶಾಲೆ ಬಿಟ್ಟಳು ಅಂತಿದ್ದ ವಾಕ್ಯ."

"ಕಟ್ಟು ಮೇಷ್ಟ್ರ ಮೇಜಿಗೆ ಹೋಗೋ ಮುಂಚೆ ಚೀಟಿ ಇತ್ತಾ?"

"ಇರಲಿಲ್ಲ. ಪ್ರತಿ ಟಿಪ್ಪಣಿ ನಾನೇ ತಾಳೆ ನೋಡಿದ್ದೆ."

"ಮೇಜಿನಿಂದ ನಿನ್ನ ಕೈಗೆ ತಂದುಕೊಟ್ಟವರು ಯಾರು?"

ಹುಡುಗಿ ತಲೆ ತಗ್ಗಿಸಿದಳು. ತಂದುಕೊಟ್ಟವಳು ಅವಳ ಗೆಳತಿ, ತನ್ನ ಕೋಣೆಯಲ್ಲೇ ಕೊಟ್ಟಳು ಎಂದು ಬೈಂಡರಣ್ಣನೇ ಬಾಯಿ ಹಾಕಿ ಹೇಳಿದ. ಮೊದಲ ವರ್ಷದಿಂದ ಇವಳಿಗೆ ಅಂಟಿಕೊಂಡೇ ಇದ್ದ ಹುಡುಗಿ ಅವಳು. ಆ ಭಾಗವನ್ನು ಬರೆದವಳೂ ಅವಳೇ. ಎರಡು ವಾರದಿಂದ ಅವರಿಬ್ಬರ ನಡುವೆ ಮಾತಿಲ್ಲದ್ದನ್ನು ಅವನು ಗಮನಿಸಿದ್ದ, ಆದರೆ ಹುಡುಗಿಯರ ಮುನಿಸೆಂದು ಸುಮ್ಮನಿದ್ದ. ಈಗ ಅಕ್ಕನ ಮಗಳು ಕೆಳಗೆ ನೋಡುತ್ತ ಕೂತದ್ದು ಕಂಡು ಅವನಿಗೆ ವಿಷಯ ಹೊಳೆಯಿತು. ಗೆಳತಿಯೇ ತನ್ನ ಬೆನ್ನಿಗೆ ಚೂರಿ ಹಾಕಿದಳೆಂದು ಇವಳು ನಂಬಿದ್ದಳು, ನಂಬಿಯೂ ಹೆಸರು ಹೇಳಲು ಒಪ್ಪುತ್ತಿರಲಿಲ್ಲ.

ಮೂಲ ಕಾಗದದ ಕಟ್ಟು ಎಲ್ಲಿದೆಯೆಂದು ಕೇಳಿದ್ದಕ್ಕೆ, ಟೈಪ್ ಆದ ಮೇಲೆ ಮೇಷ್ಟ್ರ ಕಪಾಟಿಗೆ ಹೋಯಿತು, ಅಲ್ಲಿಂದ ರದ್ದಿಗೆ ಹೋಯಿತಂತೆ ಎಂದಳು. ತಮ್ಮ ಮೇಜಿನಿಂದ ಕಟ್ಟು ಹೊರಟಾಗ ಯಾವ ಚೀಟಿಯೂ ಇರಲಿಲ್ಲವೆಂದು ಮೇಷ್ಟ್ರು ಬರೆದುಕೊಟ್ಟಿದ್ದರು. ತರಗತಿಯ ಯಾರೂ ಆ ವರದಿಯ ಮುದ್ರಿತ ಪ್ರತಿಯನ್ನು ನೋಡಿರಲಿಲ್ಲ. ಮೇಷ್ಟ್ರು ಹಂಚಿದ ಕಂಪ್ಯೂಟರ್ ಫೈಲನ್ನೇ ಎಲ್ಲರೂ ಓದಿದ್ದರು, ಅದು ಸರಿಯಾಗಿ 148 ಪುಟದ್ದು.

ಹುಡುಗಿಯನ್ನು ಊಟಕ್ಕೆ ಕಳಿಸಿ ಮೇಡಂ ಕೇಳಿದರು, "ಬೈಂಡರೇ, ಸಮೀಕ್ಷಾ ವರದಿ ನಮ್ಮ ಕಪಾಟಿನಲ್ಲಿ ಯಾಕಿಲ್ಲ?"

ಬೈಂಡರಣ್ಣ ತಲೆ ಕೆರೆದುಕೊಂಡ. ಇಲ್ಲದಿರುವುದಕ್ಕೆ ಅವನೇ ಕಾರಣ. ಬೆನ್ನು ಬಿಟ್ಟುಕೊಂಡಿದ್ದ ಆ ಸಂಪುಟ ಒಂದೂವರೆ ತಿಂಗಳಿಂದ ಅವನ ಕೋಣೆಯಲ್ಲಿ ಹೊಲಿಗೆಗೆ ಕಾಯುತ್ತಿತ್ತು. ಫಸ್ಟ್‌ಬೆಂಚು ಎಂದು ಎಲ್ಲರೂ ಕರೆಯುವ ಇನ್ನೊಬ್ಬ ವಿದ್ಯಾರ್ಥಿ ಲೇಖನದ ಕೆಲಸಕ್ಕೆಂದು ಅದನ್ನು ಕೇಳಿ ಬೇಡಿಕೆ ಚೀಟಿ ಬರೆದಿದ್ದ. 'ಬೈಂಡಿಂಗ್‌ನಲ್ಲಿದೆ' ಎಂದು ಷರಾ ಹಾಕಿ ವಾಪಸು ಕಳಿಸಿದ್ದರು. ಆ ಚೀಟಿ ಮೇಡಂ ಅವರ ಮೇಜಿನ ಮೇಲೇ ಇತ್ತು. ಚೀಟಿಯ ತಾರೀಖು ಲೇಖನ ಪ್ರಕಟವಾಗುವುದಕ್ಕಿಂತ ಹತ್ತು ದಿನ ಹಿಂದಿನದು.

ಇಬ್ಬರೂ ಬೈಂಡಿಂಗ್ ಕೋಣೆಗೆ ಹೋಗಿ ಸಂಪುಟವನ್ನು ಹುಡುಕಿ ತೆಗೆದರು. ಎಂಟು ವರ್ಷದ ಹಿಂದೆ ಬೈಂಡರಣ್ಣನೇ ಕಟ್ಟಿದ್ದು. ಬೆನ್ನ ಮೇಲೆ ಶಾಲಾ ಸಮೀಕ್ಷಾ ವರದಿ ಎಂಬ ಹೆಸರೊಂದೇ ಇತ್ತು. ಒಳಗೆ ಮಾತ್ರ ಅದರ ಹಿಂದೆ, ವಿಲೀನ ಯೋಜನೆ ಶುರುವಾಗುವ ಮೊದಲು ಬರೆದ 92 ಪುಟದ ಮುನ್ನಂದಾಜು ವರದಿಯೊಂದೂ ಹೊಲಿಗೆಯಲ್ಲಿ ಸೇರಿತ್ತು. ಎರಡರ ನಡುವೆ ಒಂದು ಖಾಲಿ ಹಾಳೆ. ಆ ಮುನ್ನಂದಾಜು ಎಂದೂ ಅಂತರ್ಜಾಲಕ್ಕೆ ಏರಿರಲಿಲ್ಲ. ಮೇಡಂ 212ನೇ ಸಂಖ್ಯೆ ಒತ್ತಿದ್ದ ಪುಟ ತೆಗೆದರು. ಅಲ್ಲಿ ಶಾಲೆಗಳ ಕಿಟಕಿ, ಹೆಂಚು, ಬಾಗಿಲುಗಳ ಪಟ್ಟಿಯಿತ್ತು. ಅದನ್ನು ಉದ್ದಕ್ಕೂ ನೋಡಿ, ಒಂದು ಹಾಳೆ ಮಗುಚಿ, ಮುಂದಿನ ಎಡಪುಟವನ್ನು ನಿಧಾನವಾಗಿ ಓದಿದರು.

"ಈ ಖಾಲಿ ಹಾಳೆಗೂ ಸಂಖ್ಯೆ ಒತ್ತಿದ್ದೀರಲ್ಲ, ಯಾವಾಗಲೂ ಹಾಗೇನಾ?"

"ಹಾಗಂತ ಏನಿಲ್ಲ ಮೇಡಂ. ಒಂದೊಂದ್ಸಲ ಕೈ ಅದನ್ನ ಹಾರಿಸಿಕೊಂಡು ಹೋಗುತ್ತೆ. ಖಾಲಿ ಹಾಳೆ ತಾನೇ."

"ಎಷ್ಟು ಪ್ರತಿ ಕಟ್ಟಿದ್ದಿರಿ?"

"ಗ್ರಂಥಾಲಯಕ್ಕಾ? ಒಂದೇ."

ಮೇಡಂ ಅವನ ಮುಖವನ್ನೊಮ್ಮೆ ನೋಡಿ, ಸಂಪುಟವನ್ನು ಕಂಕುಳಲ್ಲಿ ಇರುಕಿಕೊಂಡರು. ಹೋಗುವ ಮುಂಚೆ ಒಂದು ಮಾತು ಹೇಳಿದರು. ಮಕ್ಕಳು ಓದು ಬಿಡುವುದಿಲ್ಲವೆಂಬ ಮಾತು ಈ ಸಂಪುಟದಲ್ಲಿ ಇದೆ. ಈ ಸಂಪುಟ ಇಷ್ಟು ದಿನ ಇದ್ದದ್ದು ಆರೋಪಿಯ ಸೋದರಮಾವನ ಕೋಣೆಯಲ್ಲಿ, ಅವಳು ದಿನಾ ಡಬ್ಬಿ ಬಿಚ್ಚಿ ಊಟ ಮಾಡುವ ಮೇಜಿನ ಪಕ್ಕದಲ್ಲಿ. ಕುಲಸಚಿವರಿಗೆ ಇದು ಗೊತ್ತಾದರೆ ಏನಂದುಕೊಳ್ಳುತ್ತಾರೆ? ಅದನ್ನು ಯೋಚಿಸಿ, ನೆನಪಿಗೆ ಏನಾದರೂ ಬಂದರೆ ತಮಗೆ ಬಂದು ಹೇಳಬೇಕು ಎಂದು ಹೊರಟುಹೋದರು.

ಹುಡುಗಿಯನ್ನು ಉಳಿಸಿಕೊಳ್ಳಲು ಹೋಗಿ ತಾನೇ ಅವಳ ಕುತ್ತಿಗೆಗೆ ಉರುಳು ತಂದನಲ್ಲ ಎಂದು ಬೈಂಡರಣ್ಣ ತನ್ನನ್ನೇ ಶಪಿಸಿಕೊಂಡ. ಮಧ್ಯಾಹ್ನವೆಲ್ಲ ದಾರ ಪೋಣಿಸಿದ, ಬಿಚ್ಚಿದ, ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಮೂರೂ ಮುಕ್ಕಾಲಿಗೆ, ಅಂಟು ಕಲಸುತ್ತಿದ್ದ ಕೈ ಹಾಗೇ ನಿಂತಿತು. ಎಂಟು ವರ್ಷದ ಹಿಂದೆ ಗ್ರಂಥಾಲಯದ ಪ್ರತಿ ಮುಗಿಸಿದ ದಿನವೇ, ಅದೇ ಜೋಡಿ ವರದಿಗಳ ಇನ್ನೊಂದು ಪ್ರತಿಯನ್ನು ನೀಲಿ ಬಟ್ಟೆ ಹಾಕಿ ಕಟ್ಟಿದ್ದು ನೆನಪಾಯಿತು. ಅದು ರಿಜಿಸ್ಟರಿನಲ್ಲಿ ಬರೆಯುವ ಕೆಲಸವಾಗಿರಲಿಲ್ಲ. ಗೆಳೆಯನಿಗೆ ಪ್ರೀತಿಯಿಂದ ಕಟ್ಟಿಕೊಟ್ಟದ್ದು.

ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಮೇಷ್ಟ್ರು ಎಂದಿನಂತೆ ಎರಡು ಲೋಟ ಕಾಫಿ ಇಟ್ಟುಕೊಂಡು ಕಾಯುತ್ತಿದ್ದರು. ಹುಡುಗಿಯ ವಿಷಯಕ್ಕೆ ತಮಗೆ ನಿದ್ದೆಯೇ ಇಲ್ಲವೆಂದು ಅವರೇ ಮೊದಲು ಶುರು ಮಾಡಿದರು. ನಿಯಮ ನಿಯಮವೇ, ಆದರೆ ನಾಳೆ ತಾವೇ ನಾಲ್ಕು ಒಳ್ಳೆ ಮಾತು ಹೇಳಿ, ನೋಂದಣಿ ರದ್ದಾಗದಂತೆ ನೋಡಿಕೊಂಡು, ಒಂದು ವರ್ಷ ಹೊರಗಿಡುವುದಕ್ಕೆ ಮುಗಿಸುತ್ತೇನೆ ಎಂದರು. ಬೈಂಡರಣ್ಣ ಲೋಟ ಮುಟ್ಟದೆ ಕೇಳಿದ.

"ನಿನ್ನ ಹತ್ರ ಆ ವರದಿಯ ನೀಲಿ ಪ್ರತಿ ಇತ್ತಲ್ಲ?"

ಮೇಷ್ಟ್ರ ಲೋಟ ಬಾಯಿಯ ಹತ್ತಿರ ಹೋದದ್ದು ಒಂದು ಗಳಿಗೆ ಅಲ್ಲೇ ನಿಂತಿತು. "ಅದಾ? ಮನೆ ಬದಲಿಸುವಾಗ ರದ್ದಿಗೆ ಹೋಯ್ತು ಕಣೋ. ನಾಲ್ಕು ವರ್ಷದ ಮೇಲಾಯ್ತು." ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು. "ನಾಳೆ ಅದರ ಸುದ್ದಿ ಎತ್ತಬೇಡ. ಇಲ್ಲದ ಪುಸ್ತಕಕ್ಕೆ ನೂರು ಪ್ರಶ್ನೆ ಹುಟ್ಟುತ್ತೆ, ಕೊನೆಗೆ ಎಲ್ಲ ಅವಳ ತಲೆಗೇ ಬರುತ್ತೆ. ನನ್ನ ಮೇಲೆ ಬಿಡು. ಆಯ್ತಾ?"

ಬೈಂಡರಣ್ಣ ಆಯಿತೆಂದ. ಐವತ್ತು ವರ್ಷದ ಗೆಳೆತನ ಅಷ್ಟು ಹೇಳಿಸಿತು. ಆದರೆ ಆ ಲೋಟ ನಿಂತದ್ದನ್ನು ಅವನು ಕಂಡಿದ್ದ, ಕಂಡದ್ದನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಹೋದ. ಊಟಕ್ಕೆ ಕೂತಾಗ ಅಕ್ಕನ ಮಗಳು ಏನಾಗಬಹುದೆಂದು ಕೇಳಿದಳು. ಏನೂ ಆಗಲ್ಲ ಪುಟ್ಟಿ ಎಂದು ಅವಳ ತಟ್ಟೆಯ ಕಡೆ ನೋಡಿಕೊಂಡೇ ಹೇಳಿದ. ಮೇಡಂ ಅವರನ್ನು ಹುಡುಕಿಕೊಂಡು ಹೋಗಲಿಲ್ಲ.

ಮರುದಿನದ ವಿಚಾರಣೆ ಕುಲಸಚಿವರ ಕೊಠಡಿಯಲ್ಲಿ ನಡೆಯಬೇಕಿತ್ತು. ನೋಡಬೇಕಾದ ಪುಸ್ತಕಗಳನ್ನು ಹೊರಗೆ ಒಯ್ಯುವಂತಿಲ್ಲವೆಂದು ಮೇಡಂ ಹೇಳಿದ್ದರಿಂದ ಕುಲಸಚಿವರೇ ಪರಾಮರ್ಶನ ವಿಭಾಗದ ಉದ್ದನೆಯ ಮೇಜಿಗೆ ಬಂದರು. ಅವರು ಮಾತು ಕಡಿಮೆ, ಗಡಿಯಾರ ಜಾಸ್ತಿ ನೋಡುವ ಮನುಷ್ಯ. ಅವರ ಬಲಕ್ಕೆ ಮೇಷ್ಟ್ರು, ಎದುರಿಗೆ ಐದು ಜನ ವಿದ್ಯಾರ್ಥಿಗಳು. ಅಕ್ಕನ ಮಗಳು ಒಂದು ತುದಿಯಲ್ಲಿ ಕೂತಿದ್ದಳು, ಅವಳ ಗೆಳತಿ ಇನ್ನೊಂದು ತುದಿಯಲ್ಲಿ. ಬೈಂಡರಣ್ಣ ಕಪಾಟಿಗೆ ಒರಗಿ ನಿಂತ.

ಮೇಡಂ ಎರಡು ಸಂಪುಟಗಳನ್ನು ಮೇಜಿನ ಮೇಲಿಟ್ಟು, ಯಾವ ಪೀಠಿಕೆಯೂ ಇಲ್ಲದೆ ಶುರು ಮಾಡಿದರು. "ಎಲ್ಲರೂ ಈ 212ನೇ ಪುಟ ಇಲ್ಲ ಅಂದ್ರು. ಸುಳ್ಳು ಹೇಳೋರು ಸಾಮಾನ್ಯವಾಗಿ ಇರುವ ಪುಟವನ್ನೇ ಕೊಡ್ತಾರೆ, ಇಲ್ಲದ ಪುಟ ಕೊಟ್ಟು ಸಿಕ್ಕಿಬೀಳೋದಿಲ್ಲ. ಹಾಗಾಗಿ ಅದನ್ನ ಬರೆದವರ ಕಣ್ಣ ಮುಂದೆ 212 ಅನ್ನೋ ಸಂಖ್ಯೆ ನಿಜವಾಗಿ ಇತ್ತು ಅಂತ ಇಟ್ಟುಕೊಂಡೆ."

ಆಮೇಲೆ ಅವರು ಬೈಂಡರಣ್ಣನ ಪದ್ಧತಿಯನ್ನು ಕುಲಸಚಿವರಿಗೆ ವಿವರಿಸಿದರು. 148 ಪುಟದ ವರದಿಗೆ ಇನ್ನೊಂದನ್ನು ಹೊಲಿದು ಸಂಖ್ಯೆ ಮುಂದುವರಿಸಿದರೆ 212 ಹುಟ್ಟುತ್ತದೆ. ಬೆನ್ನ ಮೇಲೆ ಮೊದಲ ವರದಿಯ ಹೆಸರು ಮಾತ್ರ ಇರುವುದರಿಂದ ಅವಸರದಲ್ಲಿರುವವರು ಅದೇ ಹೆಸರನ್ನು ಟಿಪ್ಪಣಿಗೆ ಬರೆಯುತ್ತಾರೆ. ಎರಡನೇ ವರದಿಯ 64ನೇ ಪುಟದಲ್ಲಿ ಒಂದು ಸಾಲಿದೆ: 'ಎಪ್ಪತ್ತು ಊರುಗಳಲ್ಲಿ ವಿಲೀನದ ನಂತರ ಒಂದು ಮಗುವೂ ಓದು ಬಿಡಲಾರದೆಂದು ನಿರೀಕ್ಷಿಸಲಾಗಿದೆ.' ವಿಲೀನ ನಡೆಯುವ ಮೊದಲು ಬರೆದ ನಿರೀಕ್ಷೆ ಅದು. ಚೀಟಿ ಅಂಟಿಸಿದವರು ನಿರೀಕ್ಷೆಯನ್ನು ಕಿತ್ತುಹಾಕಿ ನಡೆದೇ ಹೋದ ಸಂಗತಿ ಮಾಡಿದ್ದರು.

"ಆ ಸಂಪುಟ ಎಲ್ಲಿತ್ತು?" ಎಂದರು ಕುಲಸಚಿವರು.

"ಒಂದೂವರೆ ತಿಂಗಳಿಂದ ನಮ್ಮ ಬೈಂಡರ ಕೋಣೆಯಲ್ಲಿ."

ಎಲ್ಲರ ಕಣ್ಣೂ ಅಕ್ಕನ ಮಗಳ ಮೇಲೆ ಬಿತ್ತು. ಮೇಷ್ಟ್ರು ನಿಟ್ಟುಸಿರು ಬಿಟ್ಟು, ಪಾಪ, ಹುಡುಗಿಯ ಕೈಗೆಟುಕುವಂತಿತ್ತು, ಏನೋ ಅವಸರದಲ್ಲಿ ಮಾಡಿಬಿಟ್ಟಿದ್ದಾಳೆ, ಒಂದು ವರ್ಷ ಹೊರಗಿಟ್ಟರೆ ಸಾಕು ಎಂದರು. ಅವರು ಮಾತು ಮುಗಿಸುವವರೆಗೆ ಮೇಡಂ ಸುಮ್ಮನೆ ಕಾದರು.

"ನಾನೂ ನಿನ್ನೆ ಹಾಗೇ ಹೆದರಿದೆ. ಆಮೇಲೆ ಪುಟ ತೆಗೆದೆ. ಕುಲಸಚಿವರೇ, ನೀವೇ ನೋಡಿ. ಈ ಪ್ರತಿಯಲ್ಲಿ 212ನೇ ಪುಟದಲ್ಲಿ ಇರೋದು ಹೆಂಚಿನ ಲೆಕ್ಕ. ಆ ಸಾಲಿರೋದು 214ರಲ್ಲಿ."

ಕುಲಸಚಿವರು ಗಡಿಯಾರ ಮರೆತು ಪುಸ್ತಕದ ಮೇಲೆ ಬಗ್ಗಿದರು. ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಈ ಪ್ರತಿಯಲ್ಲಿ ಬೈಂಡರು ನಡುವಿನ ಖಾಲಿ ಹಾಳೆಯ ಎರಡು ಬದಿಗೂ ಸಂಖ್ಯೆ ಒತ್ತಿದ್ದಾರೆ. ಆದ್ದರಿಂದ ಮುಂದಿನದೆಲ್ಲ ಎರಡು ಸಂಖ್ಯೆ ಮುಂದೆ ಸರಿದಿದೆ. ಇದನ್ನು ನೋಡಿ ಬರೆದವರು 214 ಎಂದೇ ಬರೆಯುತ್ತಿದ್ದರು. 212 ಬರಬೇಕಾದರೆ ಖಾಲಿ ಹಾಳೆಗೆ ಸಂಖ್ಯೆ ಒತ್ತದೆ ಬಿಟ್ಟ, ಇದೇ ಕೈಯಿಂದ ಕಟ್ಟಿದ ಇನ್ನೊಂದು ಪ್ರತಿ ಇರಬೇಕು. ಈ ಹುಡುಗಿಯ ಕೈಗೆ ಎಟುಕುತ್ತಿದ್ದ ಪುಸ್ತಕವೇ ಅವಳು ಬರೆದಿಲ್ಲವೆಂದು ಹೇಳುತ್ತಿದೆ.

"ಬೈಂಡರೇ," ಎಂದು ಮೇಡಂ ಅವನ ಕಡೆ ತಿರುಗಿದರು. "ನಿನ್ನೆ ಕೇಳಿದ್ದನ್ನೇ ಮತ್ತೆ ಕೇಳ್ತೀನಿ. ಎಷ್ಟು ಪ್ರತಿ ಕಟ್ಟಿದ್ದಿರಿ?"

ಮೇಷ್ಟ್ರು ಬೈಂಡರಣ್ಣನನ್ನೇ ನೋಡುತ್ತಿದ್ದರು, ಮೆಟ್ಟಿಲ ಮೇಲೆ ಹೆಗಲಿಗೆ ಕೈಯಿಟ್ಟಾಗ ನೋಡಿದ ಹಾಗೆಯೇ. ಅವನು ಅಕ್ಕನ ಮಗಳ ಕಡೆ ಕಣ್ಣು ಹೊರಳಿಸಿದ. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

"ಎರಡು," ಎಂದ. "ಎರಡನೆಯದು ನೀಲಿ ಬಟ್ಟೇದು. ಇವನಿಗೆ ಕಟ್ಟಿಕೊಟ್ಟೆ."

ಮೇಷ್ಟ್ರು ನಕ್ಕರು. ಇವನು ದಿನಕ್ಕೆ ಹತ್ತು ಪುಸ್ತಕ ಕಟ್ಟುವವನು, ಎಂಟು ವರ್ಷದ ಹಿಂದಿನದು ಯಾವುದು ಯಾರಿಗೆಂದು ನೆನಪಿರಲು ಸಾಧ್ಯವೇ ಎಂದು ಕುಲಸಚಿವರನ್ನು ಕೇಳಿದರು. "ಅಂಥ ಪುಸ್ತಕ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಅವಳನ್ನ ಸಾಕಿದವನು ಇವನು. ಅವಳಿಗೋಸ್ಕರ ಏನು ಬೇಕಾದರೂ ಹೇಳ್ತಾನೆ. ಅಷ್ಟು ಓದಿದವನೂ ಅಲ್ಲ, ಸಂಖ್ಯೆ ಹಿಂದುಮುಂದು ಮಾಡ್ಕೊಂಡಿರ್ತಾನೆ."

ಕೆನ್ನೆಗೆ ಹೊಡೆಸಿಕೊಂಡಂತೆ ನಿಂತ ಬೈಂಡರಣ್ಣ. ಯಾವತ್ತೂ ಇರಲಿಲ್ಲವಂತೆ. ನಿನ್ನೆ ತಾನೇ ರದ್ದಿಗೆ ಹೋಯಿತೆಂದ ಬಾಯಿ. ಹತ್ತು ಜನರ ಮುಂದೆ ಅವನನ್ನು ಓದಿಲ್ಲದವನು ಎಂದ ಬಾಯಿಯೂ ಅದೇ. ಸುಳ್ಳಿಗಿಂತ ಅವನಿಗೆ ಹೆಚ್ಚು ಉರಿದದ್ದು ಆ ಸಲೀಸು.

"ಅವರ ನೆನಪು ಬೇಡ ಬಿಡಿ," ಎಂದು ಮೇಡಂ ಎರಡನೇ ಸಂಪುಟವನ್ನು ತೆರೆದರು. ಅದು ಹೋದ ವರ್ಷದ ಒಂದು ಸಂಶೋಧನಾ ಪತ್ರಿಕೆ. ಅದರಲ್ಲಿ ಮೇಷ್ಟ್ರದೇ ಒಂದು ಲೇಖನವಿತ್ತು. ಅದನ್ನು ಅಡಿಯಿಂದ ಓದಿದ್ದೇನೆಂದು ಹೇಳಿ, ಮೂರು ಟಿಪ್ಪಣಿಗಳ ಮೇಲೆ ಬೆರಳಿಟ್ಟು ತೋರಿಸಿದರು. ಶಾಲಾ ಸಮೀಕ್ಷಾ ವರದಿ, ಪುಟ 159. ಪುಟ 171. ಪುಟ 187. ಮೂರೂ 148 ದಾಟಿದವು. ಮೂರು ಕಡೆಯೂ ಲೇಖನದಲ್ಲಿರುವ ಮಾತು ಮುನ್ನಂದಾಜು ವರದಿಯ ಪದಶಃ ನಕಲು. ಗ್ರಂಥಾಲಯದ ಪ್ರತಿಯಲ್ಲಿ ಅವೇ ಮಾತುಗಳು 161, 173, 189ರಲ್ಲಿವೆ. ಹೋದ ವರ್ಷ ಈ ಲೇಖನ ಬರೆಯುವಾಗ ಮೇಷ್ಟ್ರ ಮೇಜಿನ ಮೇಲೆ ಆ ಇನ್ನೊಂದು ಪ್ರತಿ ಇತ್ತು.

ಫಸ್ಟ್‌ಬೆಂಚು ಕೈಬೆರಳಲ್ಲಿ ಕಳೆಯುವ ಲೆಕ್ಕ ಹಾಕುತ್ತಿದ್ದ, ಮುಗಿಸಿ ತಲೆಯಾಡಿಸಿದ.

ಉಳಿದದ್ದನ್ನು ಮೇಡಂ ಚುಟುಕಾಗಿ ಹೇಳಿದರು. ಮೇಷ್ಟ್ರಿರುವ ಸಮಿತಿ ಗ್ರಂಥಾಲಯಕ್ಕೂ ಕಳಿಸಿದ್ದ ಕರಡು ವರದಿಯಲ್ಲಿ, ಮಕ್ಕಳು ಶಾಲೆ ಬಿಡುವುದಿಲ್ಲ ಎಂಬುದಕ್ಕೆ ಆಧಾರವಾಗಿ ಆ ದೊಡ್ಡ ದಿನಪತ್ರಿಕೆಯ ಸಂಪಾದಕೀಯವನ್ನು ಕೊಟ್ಟಿದ್ದರು. ಆ ಅಧ್ಯಾಯ ಬರೆದವರು ಮೇಷ್ಟ್ರು. ಪತ್ರಿಕೆಗೆ ಆಧಾರ ವಿಶ್ವಕೋಶ, ವಿಶ್ವಕೋಶಕ್ಕೆ ಆಧಾರ ಮೇಷ್ಟ್ರ ಮೇಜಿನ ಮೇಲೆ ಅಂಟಿದ ಚೀಟಿ. ಮುನ್ನಂದಾಜನ್ನೇ ನೇರವಾಗಿ ಉಲ್ಲೇಖಿಸಿದ್ದರೆ ಬರೀ ನಿರೀಕ್ಷೆ ಎಂದು ಯಾರಾದರೂ ತಳ್ಳಿಹಾಕುತ್ತಿದ್ದರು. ಐದು ಜನ ಮಕ್ಕಳ ಕೈಯಿಂದ ದಾಟಿ ಬಂದಾಗ ಅದು ನಾಡಿಗೆಲ್ಲ ಗೊತ್ತಿರುವ ಸತ್ಯವಾಯಿತು. ಎಲ್ಲವೂ ಒಂದೇ ಖಾತೆಯಿಂದ ಹೋಗಲಿ ಎಂದದ್ದೂ ಅದಕ್ಕೇ, ಸಿಕ್ಕಿಬಿದ್ದರೆ ಗೂಬೆ ಕೂರಿಸಲು ಒಂದೇ ತಲೆ ಸಾಕಲ್ಲ.

"ಇನ್ನೊಂದು ಮಾತು," ಎಂದು ಅವರು ಮೇಜಿನ ತುದಿಯಲ್ಲಿದ್ದ ಗೆಳತಿಯ ಕಡೆ ನೋಡಿದರು. "ಕಟ್ಟು ತಂದುಕೊಟ್ಟವಳು ನೀನು. ನಿನ್ನ ಮೇಲೆ ಬರಬಾರದು ಅಂತ ಇವಳು ಹನ್ನೊಂದು ದಿನ ಬಾಯಿ ಬಿಡಲಿಲ್ಲ."

ಗೆಳತಿಯ ಕಣ್ಣು ತುಂಬಿದ್ದು ಕೃತಜ್ಞತೆಗೋ, ಅನುಮಾನಿಸಿದಳಲ್ಲ ಎಂಬ ನೋವಿಗೋ ಬೈಂಡರಣ್ಣನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಾದಿಸಲಿಲ್ಲ. ಆರು ವರ್ಷ ಆ ಸಮಿತಿಗೆ ಜೀವ ತೇದಿದ್ದೇನೆ, ಒಂದು ವಾಕ್ಯ ಇಲ್ಲದೆ ಎಲ್ಲ ನಿಂತುಹೋಗುತ್ತಿತ್ತು, ಆ ಒಂದು ವಾಕ್ಯ ನನಗೆ ಬೇಕಿತ್ತು ಎಂದು ಕುಲಸಚಿವರಿಗೆ ಹೇಳಿದರು. ಹುಡುಗಿಗೆ ಕೆಡುಕು ಬಯಸಿರಲಿಲ್ಲವೆಂದೂ ಹೇಳಿದರು. ಅದು ನಿಜವಿರಬಹುದು, ಅವರು ಅವಳ ಬಗ್ಗೆ ಏನನ್ನೂ ಬಯಸಿದಂತೆ ಕಾಣುತ್ತಿರಲಿಲ್ಲ.

ಅಕ್ಕನ ಮಗಳು ಎದ್ದು ನಿಂತಳು. ಇಷ್ಟಾದರೂ ಅವಳು ಅವರನ್ನು ಸರ್ ಎಂದೇ ಕರೆದಳು.

"ಎಲ್ಲರ ಟಿಪ್ಪಣಿಯನ್ನೂ ತಾಳೆ ನೋಡಿದ್ದೆ ಸರ್. ಇವಳದು, ಅವನದು, ನನ್ನದನ್ನೇ ಎರಡು ಸಲ. ನಿಮ್ಮ ಮೇಜಿಂದ ಬಂದ ಮೇಲೆ ಮತ್ತೆ ನೋಡಲಿಲ್ಲ. ನೀವು ನೋಡಿರ್ತೀರಿ ಅಂತ."

ಮೇಷ್ಟ್ರು ಅವಳ ಮುಖ ನೋಡಲಿಲ್ಲ. ಕುಲಸಚಿವರು ಹುಡುಗಿಯ ಮೇಲಿನ ಆರೋಪವನ್ನು ಕೈಬಿಡಲಾಗಿದೆಯೆಂದು ಅಲ್ಲೇ ಬರೆದು ರುಜು ಹಾಕಿದರು, ಮೇಷ್ಟ್ರನ್ನು ತಮ್ಮ ಕೊಠಡಿಗೆ ಬರಲು ಹೇಳಿ ಎದ್ದರು. ಮೇಷ್ಟ್ರು ಅವರ ಹಿಂದೆ ಹೊರಟವರು ಕಪಾಟಿನ ಹತ್ತಿರ ನಿಂತರು.

"ನಿನ್ನೆ ಆಯ್ತು ಅಂದಿದ್ದೆಯಲ್ಲೋ," ಎಂದರು ಬೈಂಡರಣ್ಣನಿಗೆ. ದನಿಯಲ್ಲಿ ಕೋಪವಿರಲಿಲ್ಲ, ಮೋಸ ಹೋದವರು ತಾವೇ ಎಂಬಂತಿತ್ತು. "ಎತ್ತಲ್ಲ ಅಂತ ಮಾತು ಕೊಟ್ಟಿದ್ದೆ."

ಅಷ್ಟು ಹೇಳಿ ಅವರು ಹೋದರು. ಅಕ್ಕನ ಮಗಳು ಆ ಮಾತು ಕೇಳಿಸಿಕೊಂಡಿದ್ದಳು.

"ಮಾಮ, ನಿಂಗೆ ನಿನ್ನೆನೇ ಗೊತ್ತಿತ್ತಾ?"

ಗೊತ್ತಿದ್ದದ್ದು ಪ್ರತಿಯ ವಿಷಯ ಮಾತ್ರ, ಅದೂ ರದ್ದಿಗೆ ಹೋಗಿದೆಯೆಂದು ನಂಬಿದ್ದೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಯಿಯ ಹತ್ತಿರ ನಿಂತ ಆ ಲೋಟ ಅವನ ಕಣ್ಣಿಗೆ ಕಟ್ಟಿತ್ತು.

"ಗೊತ್ತಿತ್ತು," ಎಂದ.

"ಊಟಕ್ಕೆ ಕೂತಾಗ ಏನೂ ಆಗಲ್ಲ ಅಂದೆ. ನಾನು ನಂಬಿ ನಿದ್ದೆ ಮಾಡ್ದೆ."

ಅವಳು ಕುಲಸಚಿವರ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆ ವಾಕ್ಯ ಇನ್ನೂ ಲೇಖನದಲ್ಲೇ ಇತ್ತು, ಅವಳ ಹೆಸರಿನಲ್ಲೇ ಇತ್ತು. ಮೊದಲು ಅದನ್ನು ತೆಗೆಯಬೇಕೆಂದು ಗೆಳತಿಗೆ ಹೇಳಿದಳು. ಎರಡು ವಾರದ ಮೇಲೆ ಅವರಿಬ್ಬರ ನಡುವೆ ಆಡಿದ ಮೊದಲ ಮಾತು ಅದು. ಇಬ್ಬರೂ ಕಂಪ್ಯೂಟರ್ ಲ್ಯಾಬಿನ ಕಡೆ ಹೊರಟರು. ಬೈಂಡರಣ್ಣ ಮೇಡಂ ಅವರ ಮುಖ ನೋಡಿದ. ಅವರು ಸಂಪುಟಗಳನ್ನು ಜೋಡಿಸುತ್ತ, ನಾನು ಕಾದೆ, ನೀವು ಬರಲಿಲ್ಲ ಎಂದಷ್ಟೇ ಹೇಳಿದರು. ಅವನು ಸರಸರನೆ ಹುಡುಗಿಯ ಹಿಂದೆ ನಡೆದ. ಕಾರಿಡಾರಿನ ತಿರುವಿನಲ್ಲಿ ಹೆಜ್ಜೆ ಸದ್ದು ಕೇಳಿ ಅವಳು ನಿಂತಳು.

"ಈಗ ಬರಬೇಡ ಮಾಮ," ಎಂದಳು.